ಟೀವಿಯೊಳಗಿನ ಅಡುಗೆಮನೆ

ನನ್ನ ಹತ್ತಿರ ಕೈಯಲ್ಲಿ ಹಿಡಿದು ಆಡುವ ಗೇಮಿನ ಡಬ್ಬಿಯೊಂದಿದೆ. ಮೊಬೈಲಿಗಿಂತ ತುಸು ದೊಡ್ಡದು, ಎಡಕ್ಕೂ ಬಲಕ್ಕೂ ಬಟನ್ನುಗಳಿರುವ ಒಂದೊಂದು ಹಿಡಿ. ಅರಕಲಗೂಡಿನಲ್ಲಿರುವ ನನ್ನ ತಮ್ಮ ಹೊಸದು ಕೊಂಡ ಖುಷಿಯಲ್ಲಿ ಹಳೆಯದನ್ನು ಅಕ್ಕನಿಗೆ ದಾನ ಮಾಡಿದ. ನಾನು ನಲವತ್ತು ದಾಟಿದವಳು. ಹಾಸನದಲ್ಲಿ ವಿಮೆ ಕಚೇರಿಯ ನೌಕರಿ, ಹೊಳೆನರಸೀಪುರದಲ್ಲಿ ಅಕ್ಕಿ ಮಂಡಿಯವರ ಮನೆಯ ಸೊಸೆತನ. ಇಂಥವಳ ಕೈಗೆ ಅಂಥ ವಸ್ತು ಶೋಭಿಸುವುದಿಲ್ಲವೆಂದು ನನಗೂ ಗೊತ್ತಿತ್ತು. ಹಾಗಾಗಿ ಬೆಳಗಿನ ರೈಲಿನಲ್ಲಿ ಮಾತ್ರ ಆಡುತ್ತಿದ್ದೆ. ಹುಬ್ಬು ಗಂಟಿಕ್ಕಿಕೊಂಡು ಬಟನ್ ಒತ್ತುವ ನನ್ನನ್ನು ನೋಡಿ, ಪಾಪ ಕಚೇರಿ ಕೆಲಸವನ್ನು ರೈಲಿಗೂ ಹೊತ್ತು ತಂದಿದ್ದಾಳೆ ಎಂದು ಪಕ್ಕದವರು ಸರಿದು ಜಾಗ ಕೊಡುತ್ತಿದ್ದರು.

ನಾನು ಆಡುತ್ತಿದ್ದದ್ದು ಅಡುಗೆಮನೆಯ ಆಟ. ಒಂದು ಹೋಟೆಲು, ಮೇಲಿಂದ ಮೇಲೆ ಬರುವ ಆರ್ಡರು. ತರಕಾರಿ ಹೆಚ್ಚಬೇಕು, ಬೇಯಿಸಬೇಕು, ತಟ್ಟೆಗೆ ಹಾಕಿ ಕಿಟಕಿಯಲ್ಲಿಡಬೇಕು, ಎಂಜಲು ತಟ್ಟೆ ವಾಪಸು ಬಂದರೆ ತೊಳೆಯಬೇಕು. ತಡವಾದರೆ ಗಿರಾಕಿ ಎದ್ದು ಹೋಗುತ್ತಾನೆ. ಒಲೆಯ ಮೇಲಿಟ್ಟು ಮರೆತರೆ ಇಡೀ ಅಡುಗೆಮನೆಗೆ ಬೆಂಕಿ. ಕತ್ತಲಿರುವಾಗಲೇ ಎದ್ದು ಮನೆಯಲ್ಲಿ ಇದಿಷ್ಟನ್ನೂ ಮಾಡಿ ಬಂದವಳು ರೈಲಿನಲ್ಲಿ ಕೂತು ಮತ್ತೆ ಅದನ್ನೇ ಏಕೆ ಆಡುತ್ತಿದ್ದೆ ಎಂದರೆ, ಡಬ್ಬಿಯೊಳಗಿನ ಗಿರಾಕಿ ತಿಂದು ಸುಮ್ಮನೆ ಹೋಗುತ್ತಾನೆ. ಉಪ್ಪು ಕಮ್ಮಿ, ನಮ್ಮಮ್ಮ ಮಾಡಿದಂಗಿಲ್ಲ ಎನ್ನುವುದಿಲ್ಲ.

ಅಷ್ಟರಲ್ಲಿ ನನಗೆ ಚಾಳೀಸು ಬಂತು. ಆರ್ಡರಿನಲ್ಲಿ ಬಂದಿರುವುದು ಟೊಮೇಟೊವೋ ಈರುಳ್ಳಿಯೋ ತಿಳಿಯದೆ ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದು ಹೋಗತೊಡಗಿದರು. ಕಣ್ಣಿನ ಡಾಕ್ಟರು, ಇಷ್ಟು ಚಿಕ್ಕದನ್ನು ಏನಮ್ಮಾ ನೋಡುತ್ತೀರಿ ಎಂದು ಕೇಳಿದರು. ಪಾಲಿಸಿ ಕಾಗದಗಳು ಎಂದೆ. ಇಂಥ ಕರ್ತವ್ಯನಿಷ್ಠೆ ಈಗ ಅಪರೂಪ ಎಂಬಂತೆ ಅವರು ತಲೆಯಾಡಿಸಿದರು. ತಮ್ಮನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡಾಗ ಅವನು ನಕ್ಕು, ಮುಂದಿನ ಭಾನುವಾರ ಒಂದು ಪುಟ್ಟ ಸ್ಟ್ಯಾಂಡು ತಂದುಕೊಟ್ಟ. ಡಬ್ಬಿಯನ್ನು ಅದರಲ್ಲಿ ಕೂರಿಸಿ ವೈರನ್ನು ಟೀವಿಗೆ ಚುಚ್ಚಿದರೆ ಆಟವೆಲ್ಲ ಟೀವಿಯಲ್ಲಿ ಬರುತ್ತದೆ. ಹಿಡಿಗಳೆರಡನ್ನೂ ಕಳಚಿಕೊಂಡು ದೂರ ಕೂತು ಆಡಬಹುದು, ಬೇಕಾದರೆ ಇಬ್ಬರು ಒಂದೊಂದು ಹಿಡಿದು ಜೊತೆಯಾಗಿಯೂ ಆಡಬಹುದು. ಅಕ್ಷರ ಅಂಗೈಯಗಲ ಕಾಣುತ್ತದೆ ಎಂದ. ಅಕ್ಷರದ ಜೊತೆಗೆ ನಾನೂ ಅಷ್ಟೇ ಅಗಲವಾಗಿ ಕಾಣುತ್ತೇನೆ ಎಂಬುದನ್ನು ಅವನು ಹೇಳಲಿಲ್ಲ.

ನಮ್ಮ ಮನೆಯ ಟೀವಿ ಬಿಡುವಿಲ್ಲದ ಪ್ರಾಣಿ. ಸಂಜೆ ನಮ್ಮ ಮಾವ ವಾರ್ತೆ ನೋಡುತ್ತಾರೆ. ಮಂಡಿಯನ್ನು ನನ್ನ ಗಂಡನಿಗೆ ಒಪ್ಪಿಸಿದ ಮೇಲೆ ದೇಶವನ್ನು ನೋಡಿಕೊಳ್ಳುವ ಜವಾಬ್ದಾರಿ ಅವರ ಮೇಲೆ ಬಿದ್ದಿದೆ. ಆಮೇಲೆ ಅತ್ತೆಯ ಧಾರಾವಾಹಿಗಳು. ವಾರ್ತೆಯಲ್ಲಿ ಚರ್ಚೆಗೆ ಕೂತವರು ಕಿರುಚಿ ಸುಸ್ತಾಗುವುದಕ್ಕೂ ಧಾರಾವಾಹಿಯ ಸೊಸೆಯರು ಅಳಲು ತೊಡಗುವುದಕ್ಕೂ ನಡುವೆ ಇರುವ ಸಣ್ಣ ಬಿಡುವಿನಲ್ಲಿ ನಾನು ವೈರು ಚುಚ್ಚಿದೆ. ಟೀವಿಯ ತುಂಬ ಬಿಳಿ ಟೋಪಿಯ ಅಡುಗೆಯವಳು ಬಂದು ನಿಂತಳು. ಅತ್ತೆ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿ ನೋಡಿದರು.

“ನಮ್ಮನೆ ಅಡ್ಗೆಮನೇಗ್ ಬರಾಕೆ ಟೈಮಿಲ್ಲ, ಟೀವಿ ಒಳ್ಗೆ ಓಗಿ ಈರುಳ್ಳಿ ಎಚ್ತಾವ್ಳೆ” ಎಂದರು, ನನಗಲ್ಲ, ಹೂಬತ್ತಿಗೆ.

ರೈಲಿನಲ್ಲಿ ನಾನು ದಿನವೂ ಸೋಲುತ್ತಿದ್ದೆ, ನನ್ನ ಮಾನ ನನ್ನ ಅಂಗೈಯಲ್ಲೇ ಇತ್ತು. ಈಗ ನಾನು ಅನ್ನ ಸೀಯಿಸುವುದನ್ನು ಮನೆಮಂದಿಯೆಲ್ಲ ಕೂತು ನೋಡುವಂತಾಯಿತು. ಮನೆಯ ಒಲೆಯ ಮೇಲೇ ನಾನು ಸೀಯಿಸುವುದನ್ನು ನೋಡಿದ್ದವರಿಗೆ ಅದೇನೂ ಹೊಸದಲ್ಲ, ಆದರೆ ಟೀವಿಯಲ್ಲಿ ಬಂದದ್ದಕ್ಕೆ ಬೆಲೆ ಹೆಚ್ಚು. ಮಾವ ಮೊದಲ ದಿನ ಮುಖ ತಿರುಗಿಸಿಕೊಂಡು ಕೂತರು. ಮರುದಿನ ಓರೆಗಣ್ಣಿನಲ್ಲಿ ನೋಡಿದರು. ವಾರ ಕಳೆಯುವುದರೊಳಗೆ, ಮೊದಲು ತಟ್ಟೆ ತೊಳೆದಿಟ್ಟುಕೊಳ್ಳಬೇಕು, ನಿನಗೆ ಅಷ್ಟೂ ತಿಳಿಯುವುದಿಲ್ಲವೇ ಎಂದು ಸಲಹೆ ಕೊಡತೊಡಗಿದರು. ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟು ಏಳುವುದನ್ನು ಹುಟ್ಟಿದಾಗಿನಿಂದ ಅಭ್ಯಾಸ ಮಾಡಿಕೊಂಡು ಬಂದವರು ಅವರು. ನಾನು ವಿನಯದಿಂದ ಒಂದು ಹಿಡಿಯನ್ನು ಅವರ ಕೈಗಿತ್ತೆ.

ಹೀಗೆ ನಮ್ಮ ಮಾವ ಎಪ್ಪತ್ತರ ಹತ್ತಿರದಲ್ಲಿ, ಹಣೆಯ ತುಂಬ ವಿಭೂತಿ ಧರಿಸಿ, ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದರು. ಅತ್ತೆ ಆ ದೃಶ್ಯವನ್ನು ಕಣ್ತುಂಬ ನೋಡಿದರು. ತೊಳೆದ ಅಷ್ಟೂ ತಟ್ಟೆಗಳಲ್ಲಿ ಒಂದಾದರೂ ನಮ್ಮ ಬಚ್ಚಲಿನದಾಗಿದ್ದರೆ ಎಂದು ಅವರಿಗೂ ಅನ್ನಿಸಿರಬೇಕು. ನಾನು ಕಚೇರಿಯಿಂದ ಬರುವುದು ತಡವಾದ ದಿನ ಮಾವ ಜೊತೆಗೆ ಆಡಲು ಅವರನ್ನೇ ಕರೆದರಂತೆ. ಜೀವಮಾನವೆಲ್ಲ ಬೇಯಿಸಿದ್ದು ಸಾಲದೆ ಎಂದು ಹೇಳಿ ಅತ್ತೆ ಎದ್ದು ಹೋದರಂತೆ. ಮಾವ ಒಬ್ಬರೇ ಆಡುವುದನ್ನು ಕಲಿತರು. ಒಬ್ಬರೇ ಆಡಿದರೆ ಈ ಆಟದಲ್ಲಿ ಬೆಂಕಿ ಬೀಳುವುದು ಖಚಿತ.

ಇಲ್ಲಿ ಪಕ್ಕದ ಮನೆಯ ವಿಷಯ ಹೇಳಬೇಕು. ಪಕ್ಕದ ಮನೆ ಎಂದರೆ ನಮ್ಮ ಮನೆಯದೇ ಇನ್ನೊಂದು ಅರ್ಧ. ಅಲ್ಲಿರುವವರು ಮಾವನ ಒಡಹುಟ್ಟಿದ ತಮ್ಮ, ನಮ್ಮ ಚಿಕ್ಕಮಾವ. ನಾನು ಮದುವೆಯಾಗಿ ಬರುವ ಮೊದಲೇ ಅಣ್ಣತಮ್ಮಂದಿರು ಪಾಲಾಗಿ, ನಡುಮನೆಗೆ ಅಡ್ಡವಾಗಿ ಗೋಡೆ ಎದ್ದಿತ್ತು. ಗದ್ದೆ, ಮಂಡಿ, ಹಿತ್ತಲಿನ ತೆಂಗಿನಮರ ಎಲ್ಲವನ್ನೂ ನ್ಯಾಯವಾಗಿ ಹಂಚಿಕೊಂಡವರಿಗೆ ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಮಾತ್ರ ಎರಡು ಮಾಡಲಾಗಲಿಲ್ಲ. ಹಂಡೆ ನನಗೆಂದು ಅಪ್ಪ ಹೇಳಿದ್ದರು ಎಂದು ಇಬ್ಬರೂ ಹೇಳಿದರು. ಹಂಡೆ ಅಣ್ಣನ ಪಾಲಿನ ಬಚ್ಚಲಿನಲ್ಲೇ ಉಳಿಯಿತು. ಚಿಕ್ಕಮಾವ ಮಾತು ಬಿಟ್ಟರು, ಮಾವನೂ ಬಿಟ್ಟರು. ಊರಿನ ಹಿರಿಯರು ಕೂತು ಹೇಳಿದರು, ಮಠದವರು ಹೇಳಿದರು, ಚನ್ನರಾಯಪಟ್ಟಣದ ಬೀಗರು ಬಂದು ಹೋಳಿಗೆ ಉಂಡು ಹೇಳಿದರು. ಹೋಳಿಗೆ ಖರ್ಚಾಯಿತು. ಹೇಳಲೇಬೇಕಾದ ಮಾತೇನಾದರೂ ಬಿದ್ದರೆ, “ಅವ್ರಿಗೆ ಏಳವ್ವಾ” ಎಂದು ನನ್ನ ಮೂಲಕ ರವಾನೆಯಾಗುತ್ತಿತ್ತು. ಇಬ್ಬರೂ ಒಂದೇ ಬಾಗಿಲ ಬಳಿ ನಿಂತಿರುತ್ತಿದ್ದರು, ನಡುವೆ ನಾನು ಅಂಚೆ ಕಚೇರಿ. ಹೆಂಗಸರಿಗೆ ಮಾತ್ರ ಈ ನಿಷೇಧ ಇರಲಿಲ್ಲ. ಅತ್ತೆಯೂ ಚಿಕ್ಕತ್ತೆಯೂ ಹಿತ್ತಲಿನಲ್ಲಿ ದಿನವೂ ಮಾತಾಡುತ್ತಿದ್ದರು, ಗಂಡಸರು ಅದನ್ನು ಕಂಡೂ ಕಾಣದಂತಿರುತ್ತಿದ್ದರು.

ಒಂದು ಸಂಜೆ ನಾನು ಬಂದು ಚಪ್ಪಲಿ ಬಿಡುತ್ತಿದ್ದೆ. ಒಳಗೆ ಮಾವ ಒಬ್ಬರೇ ಆಡುತ್ತಿದ್ದರು. ಟೀವಿಯಲ್ಲಿ ಒಲೆ ಹತ್ತಿಕೊಂಡಿತು, ಅಪಾಯದ ಗಂಟೆ ಹೊಡೆದುಕೊಂಡಿತು, ಯಾವ ಬಟನ್ ಒತ್ತಬೇಕೆಂದು ತೋಚದೆ ಮಾವ, “ಬೆಂಕಿ, ಬೆಂಕಿ, ಅಡ್ಗೆಮನೆ ಒತ್ಕೊಂಡದೆ” ಎಂದು ಕೂಗಿದರು. ಪಕ್ಕದ ಮನೆಯ ಬಾಗಿಲು ದಡಾರನೆ ತೆರೆಯಿತು. ಚಿಕ್ಕಮಾವ ತುಂಬಿದ ಬಕೆಟ್ಟು ಹಿಡಿದು, ಪಂಚೆ ಎತ್ತಿ ಕಟ್ಟಿಕೊಂಡು, ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದರು. ನಡುಮನೆಯಲ್ಲಿ ಗಕ್ಕನೆ ನಿಂತರು. ಅಣ್ಣ ಕುರ್ಚಿಯ ತುದಿಯಲ್ಲಿ ಕೂತು ಬಟನ್ ಒತ್ತುತ್ತಿದ್ದರು, ಉರಿಯುತ್ತಿದ್ದದ್ದು ಟೀವಿ. ಬಕೆಟ್ಟಿನ ನೀರು ತುಳುಕಿ ನೆಲಕ್ಕೆ ಬಿತ್ತು. ಅವರ ಎದೆ ಏರಿಳಿಯುತ್ತಿತ್ತು. ಆ ಕ್ಷಣದ ಬಗ್ಗೆ ನನಗೆ ವ್ಯಂಗ್ಯವಾಡಲು ಈಗಲೂ ಮನಸ್ಸು ಬರುವುದಿಲ್ಲ.

ಮೊದಲು ಸಾವರಿಸಿಕೊಂಡವರು ಚಿಕ್ಕಮಾವನೇ. “ಅತ್ಗೆ, ನಿಮ್ ನಲ್ಲೀಲಿ ನೀರ್ ಬತ್ತಾ ಇಲ್ವೇನೋ ಅಂತ ತಂದೆ” ಎಂದರು.

ಅತ್ತೆ ಬಕೆಟ್ಟು ತೆಗೆದುಕೊಂಡು, ಒಳ್ಳೆಯದಾಯಿತು ಬಿಡಿ, ಕಾಫಿ ಕುಡಿದು ಹೋಗಿ ಎಂದರು. ನಮ್ಮ ನಲ್ಲಿಯಲ್ಲಿ ಆಗ ಹಿತ್ತಲಿಗೆಲ್ಲ ಕೇಳುವಷ್ಟು ಜೋರಾಗಿ ನೀರು ಬೀಳುತ್ತಿತ್ತು. ಚಿಕ್ಕಮಾವ ಕೂತು ಕಾಫಿ ಕುಡಿದರು. ಮಾವ ಆಟವನ್ನು ಮತ್ತೆ ಶುರು ಮಾಡಿದರು. ಯಾರೂ ಯಾರನ್ನೂ ನೋಡಲಿಲ್ಲ.

ಮರುದಿನ ಚಿಕ್ಕಮಾವ ಬಕೆಟ್ಟು ಒಯ್ಯಲು ಬಂದರು. ಕೂತು ಆಟ ನೋಡಿ, ಬಕೆಟ್ಟು ಮರೆತು ಹೋದರು. ಅದರ ಮರುದಿನ ಮತ್ತೆ ಬಕೆಟ್ಟು ಒಯ್ಯಲು ಬಂದರು. ಆ ಬಕೆಟ್ಟಿನ ಮೇಲೆ ಅವರಿಗಿದ್ದ ಪ್ರೀತಿಯನ್ನೂ ಮರೆವನ್ನೂ ಹೀಗೆ ಹಲವು ದಿನ ನೋಡಿದೆವು. ಅಷ್ಟರಲ್ಲಿ ಅವರಿಗೆ ಆಟದ ಒಳಹೊರಗೆಲ್ಲ ತಿಳಿದಿತ್ತು.

“ಅವ್ರಿಗೆ ಏಳವ್ವಾ, ಅನ್ನ ಸೀದೋಯ್ತಾ ಅದೆ ಅಂತ” ಎಂದರು ಒಂದು ದಿನ.

“ಮಾವ, ಅನ್ನ ಸೀದುಹೋಗ್ತಿದೆಯಂತೆ” ಎಂದೆ.

“ಅವ್ರಿಗೆ ಏಳು, ನಂಗೂ ಕಣ್ ಕಾಣ್ತದೆ ಅಂತ” ಎಂದರು ಮಾವ. ನಾನು ಅದನ್ನು ತಲುಪಿಸುವಷ್ಟರಲ್ಲಿ ಅನ್ನ ಸೀದು ಬೆಂಕಿ ಬಿದ್ದಿತ್ತು.

ನಾನಿನ್ನು ಈ ಅಂಚೆ ಕೆಲಸ ಮಾಡುವುದಿಲ್ಲ, ಬೇಕಾದರೆ ನೀವೇ ಆಡಿಕೊಳ್ಳಿ ಎಂದು ಇನ್ನೊಂದು ಹಿಡಿಯನ್ನು ಚಿಕ್ಕಮಾವನ ಕೈಯಲ್ಲಿಟ್ಟು ಅಡುಗೆಮನೆಗೆ ಹೋದೆ, ನಿಜವಾದ ಅಡುಗೆಮನೆಗೆ. ಸ್ವಲ್ಪ ಹೊತ್ತು ಬಟನ್ನುಗಳ ಸದ್ದು ಮಾತ್ರ ಕೇಳುತ್ತಿತ್ತು. ಇಬ್ಬರೂ ಮಾತಿಲ್ಲದೆ ಒಂದೇ ಅಡುಗೆಮನೆಯಲ್ಲಿ ಓಡಾಡುತ್ತ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ, ಇಬ್ಬರೂ ಈರುಳ್ಳಿಯನ್ನೇ ಹೆಚ್ಚುತ್ತ ಇದ್ದಿರಬೇಕು. ಆಮೇಲೆ ಚಿಕ್ಕಮಾವನ ಧ್ವನಿ ಕೇಳಿತು.

“ಅಣ್ಣಾ, ತಟ್ಟೆ ತೊಳಿ.”

ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು. ಅತ್ತೆ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದರು.

“ತೊಳೀತಾ ಇವ್ನಿ ಕಣ್ಲಾ, ನೀನು ಅನ್ನ ಇಳ್ಸು” ಎಂದರು ಮಾವ.

ಅಂದಿನಿಂದ ವಾರ್ತೆ ನಿಂತಿತು. ದೇಶ ತನ್ನ ಪಾಡಿಗೆ ತಾನು ನಡೆಯತೊಡಗಿತು. ಅಣ್ಣತಮ್ಮಂದಿರು ಒಂದಾದರೆಂದು ಊರಿನ ಹಿರಿಯರು ಸಂತೋಷಪಟ್ಟು, ತಮ್ಮ ಬುದ್ಧಿಮಾತು ತಡವಾಗಿಯಾದರೂ ಫಲಿಸಿತೆಂದು ಹೇಳಿಕೊಂಡು ಓಡಾಡಿದರು. ಒಂದಾದರು ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಮೊದಲು ಮಾತಿಲ್ಲದ ಜಗಳ ನಡೆಯುತ್ತಿತ್ತು, ಈಗ ಮಾತಿರುವ ಜಗಳ ಶುರುವಾಯಿತು. ಯಾರು ಹೆಚ್ಚುವುದು, ಯಾರು ತೊಳೆಯುವುದು ಎಂಬುದರಿಂದ ಹಿಡಿದು ಎಲ್ಲಕ್ಕೂ ತಕರಾರು. ಕೊನೆಗೆ ಬರಬೇಕಾದದ್ದು ಬಂದೇ ಬಂತು. ಆಟದಲ್ಲಿ ಚಿಕ್ಕಮಾವ ಬಡಿಸಲು ಇಟ್ಟುಕೊಂಡಿದ್ದ ತಟ್ಟೆಯನ್ನು ಮಾವ ಎತ್ತಿಕೊಂಡು ಹೋದರು.

“ನೀನು ಯಾವಾಗ್ಲೂ ಇಂಗೇಯ. ಅಂಡೇನೂ ಇಂಗೇ ಒಡ್ಕೊಂಡೆ” ಎಂದರು ಚಿಕ್ಕಮಾವ.

ಮಾವ ಹಿಡಿಯನ್ನು ತೊಡೆಯ ಮೇಲಿಟ್ಟರು. ಹಂಡೆಯನ್ನು ನಾನು ಹೊಡೆದುಕೊಳ್ಳಲಿಲ್ಲ, ನೀನೇ ಒಂದು ಮಾತು ಬಾಯಿಬಿಟ್ಟು ಕೇಳಿದ್ದರೆ ಅಂದೇ ಹೊತ್ತು ತಂದುಕೊಡುತ್ತಿದ್ದೆ, ಕೇಳದೆ ಮುಖ ತಿರುಗಿಸಿದ್ದು ಯಾರು ಎಂದರು. ಕೇಳುವುದೇನು, ಕೊಡುವವರಿಗೆ ತಿಳಿಯಬೇಡವೇ ಎಂದರು ಚಿಕ್ಕಮಾವ. ಟೀವಿಯಲ್ಲಿ ಅಡುಗೆಮನೆ ಧಗಧಗ ಉರಿಯುತ್ತಿತ್ತು, ಗಿರಾಕಿಗಳೆಲ್ಲ ಎದ್ದು ಹೋಗಿದ್ದರು. ಮಾವ ಎದ್ದು ನಿಂತು, ಈಗಲೇ ಹಂಡೆಯನ್ನು ತೆಗೆದುಕೊಂಡು ಹೋಗು, ನನಗೆ ಅದು ಬೇಡ ಎಂದರು. ಚಿಕ್ಕಮಾವನೂ ಎದ್ದು, ನನಗೂ ಬೇಡ, ಅದು ಎಲ್ಲಿದೆಯೋ ಅಲ್ಲೇ ಇರಲಿ ಎಂದರು.

“ಎಲ್ಲೈತೆ ಅಂತ ಮೊದ್ಲು ನೋಡ್ಕಂಬನ್ನಿ” ಎಂದರು ಅತ್ತೆ, ಕಡಲೆಕಾಯಿ ಸುಲಿಯುತ್ತ.

ಇಬ್ಬರೂ ಬಚ್ಚಲಿಗೆ ಹೋದರು. ಅಲ್ಲಿ ಗೀಸರು ಇತ್ತು. ಹಂಡೆಯ ತಳ ತೂತಾಗಿ, ಅದನ್ನು ಹಿತ್ತಲಿಗೆ ಹಾಕಿ, ಆಮೇಲೊಂದು ದಿನ ಅತ್ತೆಯೂ ಚಿಕ್ಕತ್ತೆಯೂ ಸೇರಿಕೊಂಡು ಆಟೋದಲ್ಲಿ ಒಯ್ದು ಪಾತ್ರೆ ಅಂಗಡಿಗೆ ಕೊಟ್ಟು ಬಂದಿದ್ದರು. ಅದರ ಬದಲಿಗೆ ಬಂದ ದೊಡ್ಡ ಕುಕ್ಕರು ನಮ್ಮ ಮನೆಯಲ್ಲಿ, ಸ್ಟೀಲಿನ ಡ್ರಮ್ಮು ಅವರ ಮನೆಯಲ್ಲಿ. ಹೀಗೆ ಆ ಹಂಡೆಯನ್ನು ಹೆಂಗಸರಿಬ್ಬರು ಎಂದೋ ನ್ಯಾಯವಾಗಿ ಪಾಲು ಮಾಡಿಕೊಂಡಿದ್ದರು. ಗಂಡಸರು ಅದೇ ಕುಕ್ಕರಿನ ಅನ್ನ ಉಣ್ಣುತ್ತ, ಅದೇ ಡ್ರಮ್ಮಿನ ನೀರು ಕುಡಿಯುತ್ತ, ಇಲ್ಲದ ಹಂಡೆಗಾಗಿ ತಪ್ಪದೆ ಮುನಿಸಿಕೊಂಡಿದ್ದರು. ನನಗೂ ಹೇಳಬಾರದಿತ್ತೇ ಎಂದು ಮಾವ ಗೊಣಗಿದರು. ಅದಕ್ಕೆ ಅತ್ತೆ, ನೀವು ಯಾವತ್ತಾದರೂ ಬಚ್ಚಲಿನಲ್ಲಿ ಕಣ್ಣು ಬಿಟ್ಟು ನೋಡಿದ್ದರೆ ತಾನೇ ಎಂದು ಹೇಳಿ ಸಿಪ್ಪೆ ಎಸೆಯಲು ಎದ್ದು ಹೋದರು.

ಚಿಕ್ಕಮಾವ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದರು, ಯಾವ ನೆಪವನ್ನೂ ಹೇಳಲಿಲ್ಲ. ಮಾವ ಒಂದು ಹಿಡಿಯನ್ನು ಅವರ ಕಡೆ ಚಾಚಿದರು. ಹಂಡೆಯ ವಿಷಯ ಅದಾದ ಮೇಲೆ ಬಂದಿಲ್ಲ.

ಮೊನ್ನೆ ಒಂದು ಹಿಡಿ ಕೆಟ್ಟಿತು. ಬಲಕ್ಕೆ ತಿರುಗಿಸಿದರೆ ಅಡುಗೆಯವನು ಎಡಕ್ಕೆ ಹೋಗತೊಡಗಿದ. ಅಣ್ಣತಮ್ಮಂದಿರಿಬ್ಬರೂ ಇಸ್ತ್ರಿಯ ಅಂಗಿ ತೊಟ್ಟು ನನ್ನ ಜೊತೆ ಹಾಸನಕ್ಕೆ ಹೊರಟರು. ರಿಪೇರಿ ಅಂಗಡಿಯಾತ ಹಿಡಿಯನ್ನು ಬಿಚ್ಚಿ ನೋಡಿ, ಒಳಗೆಲ್ಲ ಸವೆದುಹೋಗಿದೆ ಎಂದ. “ಮಕ್ಳು ಬಾಳ ಒರಟಾಗಿ ಆಡವ್ರೆ ಸಾ, ಮನೇಲಿ ಸ್ವಲ್ಪ ಬುದ್ಧಿ ಏಳಿ.”

ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು. ಹೇಳುತ್ತೇವೆ ಎಂದರು ಚಿಕ್ಕಮಾವ. ಈಗಿನ ಮಕ್ಕಳು ಮಾತು ಕೇಳುವುದಿಲ್ಲ ಎಂದು ಮಾವ ಸೇರಿಸಿದರು.

ರಿಪೇರಿಯಾಗುವ ತನಕ ಹೋಟೆಲಿಗೆ ಹೋದೆವು. ಅಡುಗೆಮನೆ ಕಾಣುವ ಮೇಜೇ ಬೇಕೆಂದು ಇಬ್ಬರೂ ಹಟ ಹಿಡಿದು ಕೂತರು. ದೋಸೆ ಬರುವುದು ತಡವಾಯಿತು. ತಟ್ಟೆ ತೊಳೆಯುವವನು ಒಬ್ಬನೇ ಇದ್ದಾನೆ, ತಡವಾಗದೆ ಇನ್ನೇನು ಎಂದರು ಮಾವ. ಇಲ್ಲ, ಹೆಚ್ಚುವವನದೇ ತಪ್ಪು ಎಂದರು ಚಿಕ್ಕಮಾವ. ಧ್ವನಿ ಏರಿತು. ಒಳಗಿದ್ದ ಅಡುಗೆಯವರು ಕೆಲಸ ಬಿಟ್ಟು ಇತ್ತ ನೋಡತೊಡಗಿದರು. ಚಿಕ್ಕಮಾವ ಕೈ ಎತ್ತಿ, ಒಲೆಯ ಕಡೆ ನೋಡಿ, ದೋಸೆ ಸೀಯುತ್ತಿದೆ ಎಂದು ಅವರಿಗೂ ಎಚ್ಚರಿಕೆ ಕೊಟ್ಟರು. ನಾನು ನನ್ನ ಕಾಫಿ ಲೋಟ ಎತ್ತಿಕೊಂಡು ಮೂಲೆಯ ಮೇಜಿಗೆ ಹೋಗಿ, ಇವರು ಯಾರೋ ಏನೋ ಎಂಬಂತೆ ಕೂತೆ.