ಲಕ್ಷ್ಮೀಕಾಂತಮ್ಮನವರ ಗೋಡೆಯ ಕಡಲು

ಸುಮಿತ್ರಾ ಹಾಸನದಿಂದ ವಿಶಾಖಪಟ್ಟಣಕ್ಕೆ ಬಂದಾಗ ತೆಲುಗಿನ ಗಂಧವೂ ಇರಲಿಲ್ಲ. ಗಂಡ ದಿನಕರ ಬ್ಯಾಂಕಿಗೆ ಹೊರಟ ಮೇಲೆ ಮಾತಿಗೆ ಸಿಗುತ್ತಿದ್ದವರು ಮಹಡಿಯನ್ನು ಬಾಡಿಗೆಗೆ ಕೊಟ್ಟು ಕೆಳಗಿದ್ದ ಮನೆಯೊಡತಿ ಲಕ್ಷ್ಮೀಕಾಂತಮ್ಮ ಒಬ್ಬರೇ. ಮಕ್ಕಳಿಲ್ಲದ ಆ ವಿಧವೆಯ ಹಜಾರದಲ್ಲಿ ಒಂದು ಸಣ್ಣ ಜಲವರ್ಣ ಚಿತ್ರ ತೂಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಊರೂರು ಸುತ್ತುತ್ತ ಬಂದ ಯಾರೋ ಇಂಗ್ಲಿಷ್ ಚಿತ್ರಕಾರ ಬರೆದದ್ದು. ಬಂದರು ಹುಟ್ಟುವ ಮೊದಲಿನ ವಿಶಾಖಪಟ್ಟಣ, ಕಡಲಿಗೆ ಚಾಚಿದ ಗುಡ್ಡ, ಮರಳ ದಂಡೆಯಲ್ಲಿ ದೋಣಿಗಳು. ಅದರ ಗುಡ್ಡ, ದೋಣಿಗಳ ಮೇಲೆ ಬೆರಳಿಟ್ಟೇ ಅವರು ಸುಮಿತ್ರಾಗೆ ಭಾಷೆ ಕಲಿಸಿದರು. "ಇದಿ ಕೊಂಡ. ಇದಿ ಪಡವ. ಅನು, ಅಮ್ಮಾ."

ಮುಂದೆ ಲಕ್ಷ್ಮೀಕಾಂತಮ್ಮನವರ ಕಣ್ಣು ಹೋಯಿತು. ಸಂಜೆ ಅವರಿಗೆ ಗಂಜಿ ಕುಡಿಸಿ, ತಲೆ ಬಾಚಿ, ಸುಮಿತ್ರಾ ಚಿತ್ರದ ಮುಂದೆ ನಿಂತು ಕಂಡದ್ದನ್ನೆಲ್ಲ ಹೇಳುತ್ತಿದ್ದರು. ಒಂದೊಂದು ದಿನ ಇಲ್ಲದ ಹಡಗನ್ನೂ ತಂದು ನಿಲ್ಲಿಸುತ್ತಿದ್ದರು. "ನಿನ್ನೆ ಇರಲಿಲ್ಲವಲ್ಲೇ ಅದು!" ಎಂದು ಮುದುಕಿ ನಗುತ್ತಿದ್ದರು. ಒಮ್ಮೆ ವಿಜಯವಾಡದಿಂದ ತಮ್ಮ ತಂಗಿಯ ಮಗಳು ಉಷಶ್ರೀ ಬಂದಿದ್ದಾಗ, ಲಕ್ಷ್ಮೀಕಾಂತಮ್ಮ ಅವಳೆದುರಿಗೇ ಸುಮಿತ್ರಾರ ಕೈ ಹಿಡಿದು, "ನನ್ನ ನಂತರ ಈ ಚಿತ್ರ ಇವಳದು" ಎಂದರು.

"ಹಾಗೇ ಆಗಲಿ ಪೆದ್ದಮ್ಮಾ" ಎಂದು ದೊಡ್ಡಮ್ಮನಿಗೆ ಒಪ್ಪಿದಳು ಉಷಶ್ರೀ.

ಲಕ್ಷ್ಮೀಕಾಂತಮ್ಮ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ದಿನ ಉಷಶ್ರೀ ಚಿತ್ರವನ್ನು ಗೋಡೆಯಿಂದ ಇಳಿಸಿದಳು. "ಗಾಜು ಬಿರುಕು ಬಿಟ್ಟಿದೆ ಸುಮಿತ್ರಗಾರು. ಸರಿ ಮಾಡಿಸಿ ತಂದುಕೊಡ್ತೀನಿ." ಸುಮಿತ್ರಾ ತಾವೇ ಹಳೆಯ ಸೀರೆಯಲ್ಲಿ ಸುತ್ತಿಕೊಟ್ಟರು.

ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಮಗಳು ಧನ್ಯಾ ಫೋನು ತಂದು ಮುಖಕ್ಕೆ ಹಿಡಿದಳು. ವಿಜಯವಾಡದ ಯಾವುದೋ ಹಳೆಯ ಕಲಾವಸ್ತುಗಳ ಅಂಗಡಿಯ ಜಾಹೀರಾತು. "ಅಮ್ಮಾ, ಇದು ಮನ ಬೊಮ್ಮ ಕದಾ? ನಮ್ಮ ಚಿತ್ರ! ಮಾರಾಟಕ್ಕೆ ಇಟ್ಟಿದಾರೆ!"

ತಾಯಿ ಮಗಳು ರೈಲು ಹತ್ತಿದರು. ಅಂಗಡಿಯಲ್ಲಿ ಉಷಶ್ರೀ, ಚಿತ್ರದ ಹಿನ್ನೆಲೆ ಕೇಳಬೇಕೆಂದ ಒಬ್ಬ ಗಿರಾಕಿಯ ಎದುರು ಕೂತಿದ್ದಳು. ಇವರನ್ನು ಕಂಡು ಮುಖ ಬಿಳಿಚಿದರೂ ಮಾತು ನಿಲ್ಲಿಸಲಿಲ್ಲ. "ಕಣ್ಣು ಹೋದ ಮೇಲೂ ಪೆದ್ದಮ್ಮನಿಗೆ ಇದು ಬೇಕಿತ್ತು ಸರ್. ದಿನಾ ಸಂಜೆ ನಾನೇ ವಿವರಿಸಿ ಹೇಳ್ತಿದ್ದೆ. ತಮಾಷೆಗೆ ಇಲ್ಲದ ಹಡಗನ್ನೂ ಸೇರಿಸ್ತಿದ್ದೆ."

ಚಿತ್ರ ಹೋದರೆ ಹೋಗಲಿ ಎಂದು ಸುಮಿತ್ರಾ ದಾರಿಯುದ್ದಕ್ಕೂ ಅರ್ಧ ಮನಸ್ಸು ಮಾಡಿಕೊಂಡೇ ಬಂದಿದ್ದರು. ಆ ಸಂಜೆಗಳನ್ನೂ ಕಿತ್ತುಕೊಳ್ಳುತ್ತಾರೆಂದು ಎಣಿಸಿರಲಿಲ್ಲ.

"ಹೇಳ್ತಿದ್ದದ್ದು ನಾನು" ಎಂದರು ತೆಲುಗಿನಲ್ಲೇ. "ಇದು ನನಗೆ ಕೊಟ್ಟದ್ದು."

ಉಷಶ್ರೀ ಗಿರಾಕಿಯತ್ತ ತಿರುಗಿ ಮೆಲ್ಲಗೆ ಹೇಳಿದಳು: "ಮಹಡಿಯಲ್ಲಿ ಬಾಡಿಗೆಗಿದ್ದವರು. ಕರ್ನಾಟಕದವರು. ಪಾಪ, ಮನೆಕೆಲಸಕ್ಕೆ ಆಗ್ತಿದ್ದರು."

"ಆ ದಿನ ನೀವೂ ಅಲ್ಲೇ ಇದ್ದಿರಿ. ಹಾಗೇ ಆಗಲಿ ಅಂದಿರಿ."

"ನನಗೆ ನೆನಪಿಲ್ಲ."

ಧನ್ಯಾ ಕೂಗಾಡಿದಳು, ಪೊಲೀಸರ ಹೆಸರೆತ್ತಿದಳು. ನಿಮ್ಮ ಮನೆಜಗಳ ನೀವೇ ತೀರಿಸಿಕೊಳ್ಳಿ ಎಂದು ಗಿರಾಕಿ ಎದ್ದುಹೋದ. ಮರುವಾರ ಅವನೇ ಬಂದು ಚಿತ್ರ ಕೊಂಡನಂತೆ.

"ಬಾಡಿಗೆಯವರು ನಾವು, ಬಿಟ್ಟಾಕು" ಎಂದರು ದಿನಕರ. ಆ ಮಾತನ್ನು ಸುಮಿತ್ರಾ ಗಂಡನಿಗೆ ಇಂದಿಗೂ ಕ್ಷಮಿಸಿಲ್ಲ.

ಅದೇ ವರ್ಷ ಉಷಶ್ರೀ ದೊಡ್ಡಮ್ಮನ ಮನೆಯನ್ನೂ ಬಿಲ್ಡರಿಗೆ ಕೊಟ್ಟಳು. ಸುಮಿತ್ರಾ ಮನೆಯವರು ಊರಂಚಿನ ಪೆಂಡುರ್ತಿಗೆ ಬಂದರು. ಇಲ್ಲಿ ಪಕ್ಕದ ಮನೆಯಲ್ಲಿ ನಡೆಯಲಾಗದ ಅಜ್ಜಿಯೊಬ್ಬರು ಬಾಗಿಲಲ್ಲೇ ಕೂತಿರುತ್ತಾರೆ. "ಒಳಗೆ ಬಾಮ್ಮಾ, ಒಂದು ಗುಟುಕು ಕಾಫಿ ಕುಡಿದು ಹೋಗು" ಎಂದು ಕರೆಯುತ್ತಾರೆ.

"ಕೆಲಸ ಇದೆ" ಎಂದು ಸುಮಿತ್ರಾ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ.