ತೊಳೆದರೂ ಹೋಗದ ಕೆಂಪು

ನನ್ನ ಗಂಡ ಯಶವಂತನಗರದ ಕಬ್ಬಿಣದ ಅದಿರಿನ ಗಣಿಯಲ್ಲಿ ಕೆಲಸಕ್ಕಿದ್ದಾರೆ. ಸಂಜೆ ಕಂಪನಿ ಬಸ್ಸು ಅವರನ್ನು ಚಿತ್ತವಾಡ್ಗಿಯ ತಿರುವಿನಲ್ಲಿ ಇಳಿಸುತ್ತದೆ. ಅಲ್ಲಿಂದ ನಮ್ಮ ಮನೆ ಹತ್ತಿರವೇ. ಹಾಗಿದ್ದೂ ಕೆಲವು ತಿಂಗಳ ಹಿಂದೆ ಅವರು ಬರುವುದು ದಿನಾ ತಡವಾಗತೊಡಗಿತು. ಕೇಳಿದರೆ ಬಸ್ಸೇ ತಡ ಎನ್ನುತ್ತಿದ್ದರು. ಅದೇ ಬಸ್ಸಿಗೆ ಬರುವ ಪಕ್ಕದ ಮನೆಯವರು ಅಷ್ಟೊತ್ತಿಗೆ ಸ್ನಾನ ಮುಗಿಸಿ ಚಹಾ ಕುಡಿಯುತ್ತಿರುತ್ತಿದ್ದರು. ನಾನೇನು ಕಿವಿ ಮೇಲೆ ಹೂ ಇಟ್ಟುಕೊಂಡಿದ್ದೇನೆಯೇ?

ಒಂದು ಸಂಜೆ ಸೊಪ್ಪು ತರುವ ನೆಪ ಮಾಡಿ ಹೋಗಿ ಆ ತಿರುವಿನ ಅಂಗಡಿಯ ಮರೆಯಲ್ಲಿ ನಿಂತೆ. ಇವರು ಬಸ್ಸಿಳಿದು ಸ್ವಲ್ಪ ನಡೆದು, ಬಟ್ಟೆ ಹೊಲಿಯುವ ಹೆಂಗಸಿನ ಕಿಟಕಿಯ ಎದುರೇ ನಿಂತು ಫೋನು ಕಿವಿಗಿಟ್ಟರು. ಓಹೋ, ದಿನಾ ತಡವಾಗುವುದು ಇವಳಿಗಾಗಿ ಎಂದುಕೊಂಡೆ. ಆದರೆ ಕಿಟಕಿ ಮುಚ್ಚಿತ್ತು, ಇವರು ಫೋನಿನಲ್ಲಿ ತುಟಿಯನ್ನೂ ಬಿಚ್ಚುತ್ತಿರಲಿಲ್ಲ. ಬಗ್ಗಿ ಎಡಗಾಲಿನ ಮೀನಖಂಡ ಹಿಸುಕಿಕೊಂಡು ಬೀಡಿ ಹಚ್ಚಿದರು. ಮತ್ತೆ ನಡೆದರು, ತುಸು ದೂರದಲ್ಲಿ ಮತ್ತೆ ನಿಂತರು.

ನಾನು ಒಳದಾರಿಯಲ್ಲಿ ಮೊದಲೇ ಮನೆ ಸೇರಿದೆ. ಗಣಿಯಿಂದ ಬಂದವರ ಕಾಲಿಗೆ ನೀರು ಹಾಕದೆ ನಾವು ಒಳಗೆ ಬಿಡುವುದಿಲ್ಲ. ಕೆಂಪು ಧೂಳು ಮನೆಗೆಲ್ಲ ಹತ್ತುತ್ತದೆ. ಅಂದು ನಾನೇ ಕೂತು ತಿಕ್ಕಿದೆ. ಬಲಗಾಲಿನ ಕೆಂಪು ಹೋಯಿತು, ಎಡಗಾಲಿನದು ಹೋಗಲಿಲ್ಲ. ಬಿಸಿನೀರು ಸುರಿದರೂ ಆ ಬೆರಳುಗಳು ತಣ್ಣಗೇ ಇದ್ದವು.

“ಗಣಿ ಧೂಳದು, ಬಿಡು. ವರ್ಷಾನುಗಟ್ಲೆ ಹತ್ತೈತಿ,” ಎಂದರು. ಇಲ್ಲಿ ಗಂಡಸರೆಲ್ಲ ಹೀಗೇ ಹೇಳುತ್ತಾರೆ, ಹೆಂಗಸರು ನಂಬುತ್ತಾರೆ. ನಾನು ನಂಬಲಿಲ್ಲ. ಅವರನ್ನು ಮಲಗಿಸಿ, ಬೆಳಕಿಗೆ ಸರಿಯಾಗಿ ಕಾಣಲೆಂದು ಆ ಕಾಲನ್ನು ಮೇಲೆತ್ತಿ ಹಿಡಿದೆ. ನೋಡನೋಡುತ್ತ ಕೆಂಪೆಲ್ಲ ಇಳಿದು ಪಾದ ಬಿಳಿಚಿಕೊಂಡಿತು.

“ಧೂಳಾದ್ರ ಕಾಲೆತ್ತಿದ ಕೂಡ್ಲೇ ಎಲ್ಲಿಗೆ ಹೋತ್ರೀ?”

ಆಗ ಬಾಯಿಬಿಟ್ಟರು. ನಡೆದರೆ ಮೀನಖಂಡ ಹಿಂಡುತ್ತದಂತೆ, ನಿಂತರೆ ಬಿಡುತ್ತದಂತೆ. ಯಾಕೆ ನಿಂತರೆಂದು ಯಾರೂ ಕೇಳದಿರಲೆಂದು ಫೋನು ಕಿವಿಗಿಡುತ್ತಿದ್ದರಂತೆ. ಹೇಳಿದರೆ ನಾನು ಬೀಡಿ ಬಿಡಿಸುತ್ತೇನೆಂದು ಮುಚ್ಚಿಟ್ಟಿದ್ದರಂತೆ. ಕಾಲಿಗಿಂತ ಬೀಡಿ ಹೆಚ್ಚಾಯಿತೇ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು, ಸಿಗಲಿಲ್ಲ. ರಕ್ತನಾಳ ಕಟ್ಟಿದೆ, ಹೀಗೇ ಬಿಟ್ಟರೆ ಕಾಲೇ ಹೋಗುತ್ತದೆ ಎಂದರು. ತೊಡೆಸಂದಿಯಿಂದ ಸಣ್ಣ ನಳಿಗೆ ತೂರಿಸಿ ಕಟ್ಟಿದ್ದನ್ನು ಬಿಡಿಸಿದರು. ಮಾತ್ರೆ ತಪ್ಪಿಸಬಾರದು, ದಿನಾ ನಡೆಯಬೇಕು, ಬೀಡಿ ಮುಟ್ಟಲೇಬಾರದು ಎಂದು ಹೇಳಿ, ನಾಡಿ ನೋಡುವ ಜಾಗವನ್ನು ನನಗೂ ತೋರಿಸಿಕೊಟ್ಟರು.

ಬೀಡಿ ಬಿಟ್ಟೆನೆಂದು ಆಣೆ ಮಾಡಿದ್ದಾರೆ. ನಾನು ಆಣೆ ನಂಬುವವಳಲ್ಲ, ದಿನಾ ಅಂಗಿ ಮೂಸುತ್ತೇನೆ. ನಿನ್ನೆ ಮತ್ತೆ ಮರೆಯಲ್ಲಿ ನಿಂತು ನೋಡಿದೆ, ಆ ಕಿಟಕಿಯ ಮುಂದೆ ನಿಲ್ಲದೆ ನೆಟ್ಟಗೆ ಮನೆಗೆ ಬಂದರು. ಅದನ್ನೂ ನಂಬದೆ ಪಾದದ ಮೇಲೆ ಬೆರಳಿಟ್ಟೆ. ಮಿಡಿಯುತ್ತಿತ್ತು.

“ಈಗಾದ್ರೂ ನಂಬಿದೇನ?” ಎಂದರು.

ಮಿಡಿಯುತ್ತಿರುವುದು ಅವರ ಕಾಲೋ ನನ್ನ ಬೆರಳೋ ಎಂಬ ಸಂಶಯದಲ್ಲಿ ನಾನು ಕೈ ತೆಗೆಯಲೇ ಇಲ್ಲ.