ದುಭಾಷಿ ನುಂಗಿದ ಬೈಗುಳ

ಗಂಡನ ಕೆಲಸದ ಬೆನ್ನು ಹತ್ತಿ ಪರದೇಶಕ್ಕೆ ಬಂದ ಆಕೆ ಅಲ್ಲಿಯ ಭಾಷೆ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ತರಕಾರಿ ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಸೋರುವ ಪೈಪಿಗಾಗಿ ಮೇಲಿನ ಮನೆಯ ಮುದುಕಿಯ ಜೊತೆ ಆಡಿದ ಜಗಳದಲ್ಲಿ. ಗಂಡನಿಗೆ ಮಾತ್ರ ಆ ಭಾಷೆ ಎಷ್ಟು ವರ್ಷವಾದರೂ ಹತ್ತಲಿಲ್ಲ. ಮಗನ ಶಾಲೆಯ ಟೀಚರು "ನಿಮ್ಮ ಮಗ ಶುದ್ಧ ಸೋಮಾರಿ" ಎಂದರೆ ಆಕೆ ಗಂಡನಿಗೆ "ಇನ್ನೂ ಸ್ವಲ್ಪ ಗಮನ ಕೊಡ್ಬೇಕಂತೆ ರೀ" ಎನ್ನುವಳು. ಗಂಡ "ಪಾಠ ಮಾಡೋಕೆ ಬರದಿದ್ರೆ ಮನೇಲಿರು ಅಂತ ಹೇಳು" ಎಂದು ಹಲ್ಲು ಕಡಿದರೆ, ಟೀಚರಿಗೆ ಅದು "ನಿಮ್ಮ ಶ್ರಮಕ್ಕೆ ತುಂಬಾ ಧನ್ಯವಾದ" ಎಂದು ತಲುಪುವುದು. ಇಬ್ಬರೂ ನಗುನಗುತ್ತಾ ಕೈಕುಲುಕುವರು. ಮನೆಯಲ್ಲಿ ಇದೊಂದು ತಮಾಷೆಯಾಗಿತ್ತು. ಆಕೆಗೆ ಒಳಗೊಳಗೇ ಹೆಮ್ಮೆ.

ಆ ಊರಿನ ನಾಟಕ ಶಾಲೆಯೊಂದರಲ್ಲಿ ರಷ್ಯನ್ ಪದ್ಧತಿಯ ನಟನೆಯನ್ನು ಬೆಳಗಿನಿಂದ ಸಂಜೆಯವರೆಗೆ ಬೆವರಿಳಿಸಿ ಕಲಿಸುತ್ತಿದ್ದರು. ಒಂದು ಬೇಸಿಗೆಯಲ್ಲಿ ಆಕೆಯ ತಾಯ್ನುಡಿಯವರದೇ ಒಂದು ಹವ್ಯಾಸಿ ತಂಡ ಕಲಿಯಲು ಬಂತು. ದುಭಾಷಿ ಬೇಕೆಂದು ಶಾಲೆಯವರು ಹುಡುಕಿದಾಗ ಯಾರೋ ಈಕೆಯನ್ನು ತೋರಿಸಿದರು. ಮೊದಲ ದಿನವೇ ತಂಡದವರೆಲ್ಲ "ಅಕ್ಕಾ" ಎಂದು ಸುತ್ತುಗಟ್ಟಿದರು. ಸುತ್ತ ತಾಯ್ನುಡಿ ಕೇಳಿ ಎಷ್ಟೋ ಕಾಲವಾಗಿದ್ದ ಆಕೆಗೆ ಎದೆ ತುಂಬಿ ಬಂತು.

ತಂಡದಲ್ಲಿ ಎಲ್ಲರೂ ಎಳೆಯರು, ಒಬ್ಬನನ್ನು ಬಿಟ್ಟು. ಅವನು ವಿದ್ಯುತ್ ಇಲಾಖೆಯ ಲೈನ್‌ಮನ್. ಕಂಬದ ತುದಿಯಿಂದ ಕೂಗಿ ಕೂಗಿ ಪಳಗಿದ ಗಂಟಲು, ಆ ಗಂಟಲಿನಿಂದಲೇ ಊರಿನ ನಾಟಕಗಳಲ್ಲಿ ಸಿಕ್ಕಿದ ರಾಜನ ಪಾತ್ರಗಳು. ಸಂಬಳವಿಲ್ಲದ ರಜೆ ಹಾಕಿ ಬಂದಿದ್ದ.

ನಟನೆ ಕಲಿಸುವ ಮೇಷ್ಟ್ರು ಮುದುಕರು, ಸಣ್ಣ ಆಳು. ಮರದ ನೆಲದ ದೊಡ್ಡ ಕೋಣೆಯಲ್ಲಿ, ಗೋಡೆಗೆ ಕುರ್ಚಿ ಒರಗಿಸಿ ಕೂತು ನೋಡುವರು. ಮೊದಲ ಪಾಠಕ್ಕೆ ಮಾತೇ ಇಲ್ಲ. ಕೋಣೆಯಲ್ಲಿ ಬೀಗದ ಕೈ ಕಳೆದಿದೆ, ಹುಡುಕಬೇಕು, ಅಷ್ಟೆ. ಲೈನ್‌ಮನ್ ಹಣೆ ಬಡಿದುಕೊಂಡ, ಆಕಾಶ ನೋಡಿದ, ಎದೆ ಹಿಡಿದುಕೊಂಡ. ಮೇಷ್ಟ್ರು ಹೇಳಿದರು: "ಇವನು ಏನನ್ನೂ ಹುಡುಕುತ್ತಿಲ್ಲ. ಹುಡುಕುವವನ ಹಾಗೆ ಪೋಸು ಕೊಡುತ್ತಿದ್ದಾನೆ. ಎಲ್ಲ ಸುಳ್ಳು." ಆಕೆ ಅದನ್ನು ಇದ್ದ ಹಾಗೇ ಹೇಳಿಬಿಟ್ಟಳು. ಲೈನ್‌ಮನ್‌ನ ಮುಖ ಕಪ್ಪಿಟ್ಟಿತು. ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ. ಮೆಟ್ಟಿಲ ಮೇಲೆ ಒಬ್ಬನೇ ಕೂತು ತನ್ನ ಬೂಟು ನೋಡುತ್ತಿದ್ದ. ಆಕೆಗೆ ತನ್ನ ಸ್ವಂತ ತಮ್ಮನನ್ನೇ ಹೊಡೆದಷ್ಟು ಸಂಕಟವಾಯಿತು.

ಮರುದಿನ ಮೇಷ್ಟ್ರು ಅದನ್ನೇ ಇನ್ನೂ ಖಾರವಾಗಿ ಹೇಳಿದಾಗ ಆಕೆಯ ಬಾಯಲ್ಲಿ ಬಂದದ್ದು ಬೇರೆ. "ಚೆನ್ನಾಗಿದೆ ಅಂತಿದಾರೆ. ಇನ್ನೂ ಸ್ವಲ್ಪ ಸಹಜವಾಗಿರಲಿ ಅಂತೆ."

"ಧ್ವನಿ ಏರಿಸಿದ್ರಲ್ಲಕ್ಕಾ?" ಎಂದ ಲೈನ್‌ಮನ್.

"ಅಯ್ಯೋ, ಈ ಭಾಷೆನೇ ಹಾಗಪ್ಪಾ. ಮುದ್ದು ಮಾಡಿದ್ರೂ ಜಗಳ ಆಡ್ದಂಗೆ ಕೇಳುತ್ತೆ."

ಎಲ್ಲರೂ ಗೊಳ್ಳೆಂದು ನಕ್ಕರು. ಲೈನ್‌ಮನ್‌ನ ಮುಖ ಅರಳಿತು. ಅಲ್ಲಿಂದಾಚೆಗೆ ಅದೇ ರೂಢಿಯಾಯಿತು. ಎಳೆಯರಿಗೆ ಬೈಗುಳವನ್ನು ಇದ್ದಂತೆ ದಾಟಿಸುವಳು. ಅವರು ಅದನ್ನು ಕೊಡವಿಕೊಂಡು ಮತ್ತೆ ಮಾಡುವರು. ಇವನ ಪಾಲಿನದನ್ನು ಮಾತ್ರ ತಾನೇ ನುಂಗುವಳು. ಹುಡುಗರು ಅವನಿಗೆ "ಮೇಷ್ಟ್ರ ಮುದ್ದಿನ ಮಗ" ಎಂದು ಅಡ್ಡಹೆಸರಿಟ್ಟರು. ಅವನು ಹಿಗ್ಗಿ, ಇನ್ನಷ್ಟು ಜೋರಾಗಿ ಹಣೆ ಬಡಿದುಕೊಂಡ.

ಒಂದು ದಿನ ಅವನು ಫೋನನ್ನು ಆಕೆಯ ಕೈಗಿತ್ತ. ಆ ಕಡೆ ಅವನ ಹೆಂಡತಿ. "ಅಕ್ಕಾ, ನಮ್ಮನೆಯವರನ್ನ ಮೇಷ್ಟ್ರು ಭಾಳ ಮೆಚ್ಕೊಂಡಿದಾರಂತೆ? ಇಲ್ಲಿ ಎಲ್ಲರೂ ಹುಚ್ಚು ಅಂದಿದ್ರು. ನೀವು ಹೇಳಿದ್ರೆ ನಂಗೆ ಧೈರ್ಯ."

"ಹೂಂ ಕಣಮ್ಮಾ, ತುಂಬಾ ಮೆಚ್ಕೊಂಡಿದಾರೆ," ಎಂದಳು. ಫೋನು ಹಿಂದಕ್ಕೆ ಕೊಡುವಾಗ ಅವನ ಕಣ್ಣು ತಪ್ಪಿಸಿದಳು.

ಕೊನೆಯ ಪ್ರದರ್ಶನಕ್ಕೆ ಪಾತ್ರ ಹಂಚುವ ದಿನ ಬಂತು. ಮೇಷ್ಟ್ರು ಒಬ್ಬೊಬ್ಬರಿಗೂ ಪಾತ್ರ ಹೇಳುತ್ತ ಹೋದರು. ಲೈನ್‌ಮನ್‌ಗೆ ಬಂದಾಗ, ದೃಶ್ಯಗಳ ನಡುವೆ ಕತ್ತಲಲ್ಲಿ ಕುರ್ಚಿ ಸರಿಸುವ ಕೆಲಸ ಎಂದರು. ಆಕೆ ಹೇಳಿದ್ದನ್ನು ಕೇಳಿ ಅವನು ನಕ್ಕ. ಯಾರೂ ನಗದಿದ್ದಾಗ ಎದ್ದು ನಿಂತ.

"ಕೇಳಕ್ಕಾ ಅವರನ್ನ. ನಾನೇನು ತಪ್ಪು ಮಾಡ್ದೆ?"

ಮೇಷ್ಟ್ರ ಸಹನೆಯ ಕಟ್ಟೆಯೊಡೆಯಿತು. "ತಪ್ಪನ್ನು ದಿನವೂ ಹೇಳಿದ್ದೇನೆ. ಒಂದು ದಿನವೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಂಥ ಮೊಂಡ ಶಿಷ್ಯನನ್ನು ನಾನು ಕಂಡಿಲ್ಲ."

ಈಗ ನುಂಗಲು ಜಾಗವಿರಲಿಲ್ಲ. ಆಕೆ ಒಂದೊಂದೇ ಮಾತನ್ನು ಎತ್ತಿ ಕೆಳಗಿಟ್ಟಂತೆ ಹೇಳಿದಳು. ಲೈನ್‌ಮನ್ ಮೇಷ್ಟ್ರನ್ನು ನೋಡಲಿಲ್ಲ, ಆಕೆಯನ್ನೇ ನೋಡಿದ.

"ದಿನಾ ಹೇಳಿದ್ರಾ?"

"ಹೂಂ. ನಾನು... ನಿನಗೆ ಹೇಳ್ಲಿಲ್ಲ. ನೀನು ನೊಂದ್ಕೋತೀಯ ಅಂತ."

ಮೇಷ್ಟ್ರಿಗೂ ಅದನ್ನೇ ಅವರ ಭಾಷೆಯಲ್ಲಿ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ನನ್ನ ನಾಲಿಗೆಯನ್ನು ನಿಮ್ಮ ಕೈಗೆ ಕೊಟ್ಟಿದ್ದೆನಲ್ಲಮ್ಮಾ," ಎಂದರು ಮೆತ್ತಗೆ. ಕಿರುಚಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

"ಬೈಸ್ಕೊಳ್ಳೋಕೇ ಅಲ್ವಾ ನಾನು ಇಷ್ಟು ದೂರ ಬಂದಿದ್ದು?" ಎಂದ ಲೈನ್‌ಮನ್. ಆ ದೊಡ್ಡ ಗಂಟಲು ಆಗ ಪಿಸುಗುಡುತ್ತಿತ್ತು. "ಹೊಗಳಿಸ್ಕೊಳ್ಳೋಕೆ ನಮ್ಮೂರೇ ಸಾಕಿತ್ತು. ನನ್ನ ಹೆಂಡ್ತಿಗೂ ಸುಳ್ಳು ಹೇಳಿದ್ರಲ್ಲ ಮೇಡಂ."

ಮೇಡಂ ಎಂಬ ಮಾತು ಆಕೆಗೆ ಚುಚ್ಚಿತು. ನೊಂದುಕೊಳ್ಳುತ್ತಾನೆ ಎಂದು ಹೇಳಿದ್ದೂ ಪೂರ್ತಿ ನಿಜವಲ್ಲವೆಂದು ಆಗ ಹೊಳೆಯಿತು. ಅವನ ಕಪ್ಪಿಟ್ಟ ಮುಖವನ್ನು ನೋಡಲಾರದೆ, ಎಲ್ಲರಿಗೂ ಬೇಕಾದ ಅಕ್ಕನಾಗಿ ಉಳಿಯಲು ಆಕೆ ಅದನ್ನು ಮಾಡಿದ್ದಳು.

ಉಳಿದ ದಿನಗಳಲ್ಲಿ ಮೇಷ್ಟ್ರು ಅವನಿಗಾಗಿ ಬೇಗ ಬಂದರು. ಬೀಗದ ಕೈ ಹುಡುಕುವ ಪಾಠ ಮತ್ತೆ ಮೊದಲಿನಿಂದ. ಆಕೆ ಪಕ್ಕದಲ್ಲಿ ನಿಂತು "ಸುಳ್ಳು", "ನಿಲ್ಲಿಸು", "ಅಸಹ್ಯ" ಎಂದು ಒಂದಕ್ಷರ ಬಿಡದೆ ಅವನ ಮುಖಕ್ಕೆ ಹೇಳಿದಳು. ಪ್ರತಿ ಸಲವೂ ತಾನೇ ಹೊಡೆಸಿಕೊಂಡಂತೆ ಕುಗ್ಗಿದಳು. ಒಂದು ಬೆಳಿಗ್ಗೆ ಅವನು ಹಣೆ ಬಡಿದುಕೊಳ್ಳಲಿಲ್ಲ. ಜೇಬು ತಡಕಿದ, ಕುರ್ಚಿ ಸರಿಸಿದ, ಮಂಡಿಯೂರಿ ನೆಲ ನೋಡಿದ. ಮೇಷ್ಟ್ರು ಒಂದೇ ಮಾತು ಹೇಳಿದರು.

"ಏನಂದ್ರು?"

"ಹಾಂ, ಈಗ ಹುಡುಕ್ತಿದೀಯ ಅಂದ್ರು."

ಅವನು ಒಂದು ಗಳಿಗೆ ಆಕೆಯನ್ನು ದಿಟ್ಟಿಸಿದ. ಆಮೇಲೆ, ಅಷ್ಟರಲ್ಲಿ ಅಲ್ಲಿಯ ಭಾಷೆಯನ್ನು ಅಲ್ಪಸ್ವಲ್ಪ ಕಲಿತಿದ್ದ ತಂಡದ ಹುಡುಗಿಯ ಕಡೆ ತಿರುಗಿ ಕೇಳಿದ: "ಹೌದಾ? ಹಾಗೇ ಅಂದ್ರಾ?"

ಹುಡುಗಿ ತಲೆಯಾಡಿಸಿದಳು. ಆಗ ಅವನು ನಂಬಿದ. ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಪಾತ್ರ ಬದಲಾಗಲಿಲ್ಲ, ಸಮಯ ಮೀರಿತ್ತು. ಪ್ರದರ್ಶನದ ಮಧ್ಯಾಹ್ನ ಆಕೆ ಗಂಡನ ಜೊತೆ ಹಿಂದಿನ ಸಾಲಿನಲ್ಲಿ ಕೂತಳು. ದೀಪ ಆರಿದಾಗಲೆಲ್ಲ ಒಂದು ನೆರಳು ಬಂದು, ಸದ್ದಾಗದಂತೆ ಕುರ್ಚಿ ಇಟ್ಟು ಹೋಗುತ್ತಿತ್ತು. ಕೊನೆಗೆ ಎಲ್ಲರೂ ಕೈಹಿಡಿದು ನಮಸ್ಕರಿಸಿದಾಗ ಅವನು ಸಾಲಿನ ತುದಿಯಲ್ಲಿದ್ದ. ಗಂಡ ಚಪ್ಪಾಳೆ ಹೊಡೆದ. ಆಕೆಯ ಕೈ ಮಡಿಲಿನಿಂದ ಏಳಲಿಲ್ಲ.

ದಾರಿಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಹೆಗಲ ಮೇಲೆ ಕೈಯಿಟ್ಟ. "ಬಿಡೇ, ಒಳ್ಳೇ ಮನಸ್ಸಿನಿಂದ ತಾನೇ ಮಾಡಿದ್ದು. ನಿಂದೇನೂ ತಪ್ಪಿಲ್ಲ."

"ಹಾಗನ್ಬೇಡಿ ರೀ," ಎಂದಳು ಆಕೆ. "ನೀವಾದ್ರೂ ಇದ್ದದ್ದು ಇದ್ದ ಹಾಗೆ ಹೇಳಿ."

ಅವನು ಹೆಗಲ ಮೇಲಿಂದ ಕೈ ತೆಗೆದ. ಆಮೇಲೆ, "ನೀನು ತಪ್ಪು ಮಾಡ್ದೆ," ಎಂದ.

ಆಕೆ ಹೂಂ ಎಂದಳು. ಬೀದಿಯ ನಡುವೆಯೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.